ಎಡಗೈಗೆ ತಿಳಿಯಬಾರದ ದಾನ, ಊರಿಗೆ ತಿಳಿಯಬೇಕಾದ ದಾನ

ವಿಜಯಪುರದಿಂದ ಬಂದವರಿದ್ದೀರಿ, ಬೆಂಗಳೂರು, ಪುಣೆಯಿಂದ ರಜೆ ಹಾಕಿ ಬಂದವರೂ ಇದ್ದೀರಿ. ಇಂಥ ಬಿಸಿಲಿನಲ್ಲಿ ಮಮದಾಪುರದ ತನಕ ಬಂದು ವಾಕ್ಯ ಕೇಳಲು ಕೂತಿದ್ದೀರಲ್ಲ, ಅದಕ್ಕಾಗಿ ದೇವರಿಗೆ ಸ್ತೋತ್ರ.

ಇವತ್ತಿನ ಸಂದೇಶ ನಿಮ್ಮಲ್ಲೇ ಒಬ್ಬರು ಕೇಳಿದ ಪ್ರಶ್ನೆಯಿಂದ ಬಂದದ್ದು. ನಮ್ಮ ಯೌವನಸ್ಥರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬ ತಮ್ಮ ಹೀಗೆ ಬರೆದಿದ್ದ: "ಪಾಸ್ಟರ್, ಎಲೆಕ್ಟೋರಲ್ ಬಾಂಡ್ ಅಂದ್ರೆ ಹೆಸರು ಹೇಳದೆ ಕೊಡೋ ದಾನ. ಯೇಸು ಸ್ವಾಮಿನೂ ಹೆಸರು ಹೇಳದೆ ಕೊಡ್ರಿ ಅಂತಾನೇ ಕಲಿಸಿದ್ದು. ಮತ್ತ ಸುಪ್ರೀಂ ಕೋರ್ಟ್ ಅದನ್ನ ಯಾಕ ರದ್ದು ಮಾಡ್ತು?" ಕೆಲವರು ಅದರ ಕೆಳಗೆ ನಗುವ ಇಮೋಜಿ ಹಾಕಿದರು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ನಂಬಿಕೆ ಇರುವವರು ಉತ್ತರ ಕೊಡಲೇಬೇಕಾದ ಪ್ರಶ್ನೆ ಅದು.

ಬೈಬಲ್ ತೆಗೆಯಿರಿ. ಮತ್ತಾಯ 6ನೇ ಅಧ್ಯಾಯ, 1ರಿಂದ 4ನೇ ವಚನ. ಓದಿಕೊಳ್ಳಿ. ಯೇಸು ಅಲ್ಲಿ ಕಲಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ದಾನವನ್ನು ಪ್ರದರ್ಶನ ಮಾಡಬೇಡ, ನಿನ್ನ ಇನ್ನೊಂದು ಕೈಗೂ ಸುದ್ದಿ ಹೋಗುವುದು ಬೇಡ, ಪರಲೋಕದ ತಂದೆ ನೋಡಿದರೆ ಸಾಕು. ಈಗ 2 ಕೊರಿಂಥ 8ನೇ ಅಧ್ಯಾಯ, 16ರಿಂದ 21. ಇಲ್ಲಿ ಪೌಲ ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುತ್ತಿದ್ದಾನೆ. ಅದನ್ನು ಒಬ್ಬನೇ ಚೀಲಕ್ಕೆ ಹಾಕಿಕೊಂಡು ಹೊರಡುವುದಿಲ್ಲ. ತೀತನನ್ನು ಜೊತೆಗೆ ಸೇರಿಸುತ್ತಾನೆ, ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಸೇರಿಸುತ್ತಾನೆ. ಯಾಕೆ? ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದು ಅಂತ. ದೇವರ ಎದುರಿಗೆ ಸರಿ ಇದ್ದರೆ ಮುಗಿಯಲಿಲ್ಲ, ಮನುಷ್ಯರ ಎದುರಿಗೂ ಸರಿ ಕಾಣಬೇಕು ಅನ್ನುತ್ತಾನೆ.

ಒಂದು ಕಡೆ ಮುಚ್ಚಿ ಕೊಡು ಅಂತಿದೆ, ಇನ್ನೊಂದು ಕಡೆ ತೆರೆದು ತೋರಿಸು ಅಂತಿದೆ. ದೇವರ ವಾಕ್ಯ ತನ್ನಲ್ಲೇ ಜಗಳ ಆಡುತ್ತಿದೆಯಾ? ಇಲ್ಲ. ಎರಡೂ ಬೇರೆ ಬೇರೆ ರೊಕ್ಕದ ಮಾತು. ಆ ವ್ಯತ್ಯಾಸ ಹಿಡಿದುಕೊಂಡರೆ ನಮ್ಮ ತಮ್ಮನ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮೊದಲು ಬಾಂಡ್ ಅಂದರೆ ಏನಿತ್ತು ಅಂತ ತಿಳಿಯೋಣ. ಅರ್ಧ ತಿಳಿದು ಮಾತಾಡಿದರೆ ಅದೂ ಸುಳ್ಳುಸಾಕ್ಷಿಯೇ ಆಗುತ್ತದೆ. 2017ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆ ಆಯಿತು, 2018ರ ಜನವರಿಯಲ್ಲಿ ಯೋಜನೆ ಜಾರಿಗೆ ಬಂತು. ಮಾರುವ ಅಧಿಕಾರ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾಕ್ಕೆ ಮಾತ್ರ. 1 ಸಾವಿರ, 10 ಸಾವಿರ, 1 ಲಕ್ಷ, 10 ಲಕ್ಷ, 1 ಕೋಟಿ ರೂಪಾಯಿ, ಹೀಗೆ ಐದು ಬೆಲೆಯ ಬಾಂಡ್‌ಗಳು. ಕೊಂಡವರು ತಮಗೆ ಬೇಕಾದ ಪಕ್ಷಕ್ಕೆ ಕೊಡಬೇಕು, ಪಕ್ಷ 15 ದಿನದೊಳಗೆ ತನ್ನ ಖಾತೆಗೆ ಹಾಕಿಕೊಳ್ಳಬೇಕು. ಬಾಂಡ್ ಮೇಲೆ ಕೊಟ್ಟವರ ಹೆಸರು ಇರುವುದಿಲ್ಲ. ಪಕ್ಷವೂ ಚುನಾವಣಾ ಆಯೋಗಕ್ಕೆ ಹೆಸರು ಹೇಳಬೇಕಾಗಿಲ್ಲ. ಅದೇ ಹೊತ್ತಿಗೆ ಇನ್ನೊಂದು ಕೆಲಸವೂ ಆಯಿತು. ಮೊದಲು ಒಂದು ಕಂಪನಿ ತನ್ನ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಏಳೂವರೆ ಭಾಗಕ್ಕಿಂತ ಹೆಚ್ಚು ಚಂದಾ ಕೊಡುವಂತಿರಲಿಲ್ಲ. ಆ ಮಿತಿ ಹೋಯಿತು. ಲಾಭವೇ ಇಲ್ಲದ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದು ಅಂತಾಯಿತು.

2024ರ ಫೆಬ್ರುವರಿ 15ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಈ ಯೋಜನೆಯನ್ನು ಸಂವಿಧಾನಬಾಹಿರ ಅಂತ ರದ್ದು ಮಾಡಿತು. ಮತದಾರನಿಗೆ ತಿಳಿಯುವ ಹಕ್ಕು ಇದೆ ಅಂತ ಹೇಳಿತು. ಲೆಕ್ಕ ಕೊಡಲು ಜೂನ್ 30ರ ತನಕ ಟೈಮ್ ಬೇಕು ಅಂತ ಬ್ಯಾಂಕು ಕೇಳಿತು, ಕೋರ್ಟ್ ಕೊಡಲಿಲ್ಲ. ಮಾರ್ಚ್ ತಿಂಗಳಲ್ಲೇ ಪಟ್ಟಿ ಹೊರಗೆ ಬಂತು. 2019ರ ಏಪ್ರಿಲ್‌ನಿಂದ ಈಚೆಗಿನ ಆ ಪಟ್ಟಿಯಲ್ಲಿ ಬಿಜೆಪಿಗೆ ಸುಮಾರು 6,060 ಕೋಟಿ, ತೃಣಮೂಲ ಕಾಂಗ್ರೆಸ್‌ಗೆ ಸುಮಾರು 1,600 ಕೋಟಿ, ಕಾಂಗ್ರೆಸ್‌ಗೆ ಸುಮಾರು 1,420 ಕೋಟಿ ರೂಪಾಯಿ ಸಿಕ್ಕಿತ್ತು. ನಾನು ಒಂದು ಪಕ್ಷದ ಹೆಸರು ಹೇಳಿ ಇನ್ನೊಂದನ್ನು ಬಿಡುವುದಿಲ್ಲ. ಈ ವೇದಿಕೆ ಯಾವ ಪಕ್ಷದ್ದೂ ಅಲ್ಲ.

ಈಗ ಮತ್ತಾಯ 6ಕ್ಕೆ ವಾಪಸ್ ಬರೋಣ. ಯೇಸು ಹೇಳಿದ ಗುಟ್ಟಿನ ದಾನಕ್ಕೂ ಬಾಂಡ್‌ನ ಗುಟ್ಟಿಗೂ ಮೂರು ಫರಕು ಇದೆ.

ಒಂದನೆಯದು, ಯಾರಿಗೆ ಕೊಟ್ಟದ್ದು. ಯೇಸು ಮಾತಾಡಿದ್ದು ದಿಕ್ಕಿಲ್ಲದವನಿಗೆ ಕೊಡುವ ಧರ್ಮದ ಬಗ್ಗೆ. ಅವನ ಹತ್ತಿರ ವಾಪಸ್ ಕೊಡಲು ಏನೂ ಇಲ್ಲ. ಟೆಂಡರ್ ಇಲ್ಲ, ಲೈಸೆನ್ಸ್ ಇಲ್ಲ, ಸಹಿ ಇಲ್ಲ. ಪಕ್ಷಕ್ಕೆ ಕೊಡುವ ಕೋಟಿ ಹೋಗುವುದು ಸಹಿ ಮಾಡುವ ಕೈಗೆ, ನಾಳೆ ಸಹಿ ಮಾಡಬಹುದಾದ ಕೈಗೆ. ಕಂಪನಿಗಳು ಕೊಡುವ ಚಂದಾ ಪ್ರತಿಫಲ ನಿರೀಕ್ಷಿಸಿ ಮಾಡುವ ವ್ಯವಹಾರ ಅಂತ ಕೋರ್ಟ್ ಕೂಡ ಗುರುತಿಸಿತು.

ಎರಡನೆಯದು, ಯಾರಿಂದ ಮುಚ್ಚಿಟ್ಟದ್ದು. ಯೇಸು ಹೇಳಿದ ದಾನದಲ್ಲಿ ಕೊಟ್ಟವನು ತನ್ನ ಹೆಗ್ಗಳಿಕೆಯನ್ನು ಮುಚ್ಚಿಡುತ್ತಾನೆ. ಬಾಂಡ್‌ನಲ್ಲಿ ಕೊಟ್ಟವರಿಗೆ ಗೊತ್ತು. ತಗೊಂಡವರಿಗೂ ಕೊಟ್ಟವರೇ ಬಂದು ಹೇಳಬಹುದು, ಅದಕ್ಕೆ ಯಾವ ತಡೆಯೂ ಇರಲಿಲ್ಲ. ಬ್ಯಾಂಕಿಗಂತೂ ಕೆವೈಸಿ ಕೊಟ್ಟಾಗಿತ್ತು. 2018ರಲ್ಲೇ ಒಬ್ಬ ಪತ್ರಕರ್ತೆ ಬಾಂಡ್ ಕೊಂಡು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿದರು. ಬರಿಗಣ್ಣಿಗೆ ಕಾಣದ, ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಮಾತ್ರ ಕಾಣುವ ನಂಬರ್ ಪ್ರತಿ ಬಾಂಡ್ ಮೇಲೂ ಇತ್ತು. ಅಂದರೆ ಬಲಗೈಗೆ ಗೊತ್ತಿತ್ತು, ಎಡಗೈಗೂ ಗೊತ್ತಿತ್ತು. ಗೊತ್ತಿಲ್ಲದೆ ಉಳಿದವರು ಓಟು ಹಾಕುವ ನೀವು ಮತ್ತು ನಾನು. ಲೂಕ 12:2 ಓದಿರಿ. ಮುಚ್ಚಿದ್ದು ಒಂದಲ್ಲ ಒಂದು ದಿನ ತೆರೆದೇ ತೆರೆಯುತ್ತದೆ ಅನ್ನುವ ಅರ್ಥದ ಮಾತು ಅಲ್ಲಿದೆ. ಕೊನೆಗೆ ಅದೇ ನಂಬರ್‌ಗಳನ್ನು ಹೊಂದಿಸಿ ಯಾರ ಬಾಂಡ್ ಯಾವ ಪಕ್ಷಕ್ಕೆ ಹೋಯಿತು ಅಂತ ಜನ ಪತ್ತೆ ಹಚ್ಚಿದರು.

ಮೂರನೆಯದು, ಯಾರ ರೊಕ್ಕ. ಆ ಪಟ್ಟಿಯಲ್ಲಿ ಅತಿ ಹೆಚ್ಚು ಬಾಂಡ್ ಕೊಂಡದ್ದು ಫ್ಯೂಚರ್ ಗೇಮಿಂಗ್ ಅನ್ನುವ ಲಾಟರಿ ವ್ಯವಹಾರದ ಕಂಪನಿ, 1,368 ಕೋಟಿ ರೂಪಾಯಿ. ಒಂದೇ ಪಕ್ಷಕ್ಕಲ್ಲ, ಬೇರೆ ಬೇರೆ ರಾಜ್ಯಗಳ ಬೇರೆ ಬೇರೆ ಪಕ್ಷಗಳಿಗೆ ಹೋಯಿತು. ನಾನು ಯಾರ ಮೇಲೂ ಅಪರಾಧ ಹೊರಿಸುತ್ತಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ: ಲಾಟರಿ ಟಿಕೆಟ್ ಕೊಳ್ಳುವವರು ಯಾರು? ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ಬಂದ್ ಆಗುವ ಮೊದಲು ಸಂಜೆ ಕೂಲಿ ತಗೊಂಡು ಸೀದಾ ಲಾಟರಿ ಅಂಗಡಿಗೆ ಹೋದವರ ಮನೆಗಳ ಕಥೆ ನಿಮ್ಮ ತಂದೆತಾಯಿಗಳನ್ನು ಕೇಳಿ. ಮಾರ್ಕ 12ರಲ್ಲಿ ವಿಧವೆ ಎರಡು ಕಾಸು ಹಾಕಿದ ಸಂಗತಿ ನಮಗೆಲ್ಲ ಬಾಯಿಪಾಠ. ಅದಕ್ಕೆ ಸ್ವಲ್ಪ ಮೇಲೆ, 40ನೇ ವಚನದಲ್ಲಿ, ವಿಧವೆಯರ ಮನೆಗಳನ್ನು ನುಂಗುವವರ ಬಗ್ಗೆ ಯೇಸು ಎಚ್ಚರಿಸಿದ್ದನ್ನು ನಾವು ಓದದೆ ದಾಟಿಬಿಡುತ್ತೇವೆ. ಎರಡನ್ನೂ ಜೋಡಿಸಿ ಓದಿರಿ. ಬಡವರ ಕೈಯಿಂದ ಹತ್ತು ಹತ್ತು ರೂಪಾಯಿ ಆಗಿ ಹೊರಟದ್ದು ಕೋಟಿ ಆಗಿ ಪಕ್ಷದ ಖಾತೆಗೆ ಬಂದಾಗ, ಅದರ ಮೇಲೆ ಬಡವರ ಹೆಸರು ಇರುವುದಿಲ್ಲ, ಅವರ ಮಾತು ಕೇಳುವವರೂ ಇರುವುದಿಲ್ಲ.

ಈ ಊರಿನ ಉದಾಹರಣೆ ಕೊಡುತ್ತೇನೆ. ಬರುವಾಗ ಮಮದಾಪುರದ ದೊಡ್ಡ ಕೆರೆ ನೋಡಿದಿರಲ್ಲ? 17ನೇ ಶತಮಾನದಲ್ಲಿ ಮೊಹಮ್ಮದ್ ಆದಿಲ್ ಷಾ ಕಾಲದಲ್ಲಿ ಕಟ್ಟಿಸಿದ್ದು. ವಿಜಯಪುರದ ಗೋಳಗುಮ್ಮಟ ಅವನದೇ ಸಮಾಧಿ. ಈಗ ಹೀಗೆ ಅಂದುಕೊಳ್ಳಿ. ಒಂದು ಕೆರೆ ಇದೆ. ಅದರ ತೂಬಿನ ಕೀಲಿ ಒಬ್ಬನ ಹತ್ತಿರ ಇದೆ. ಒಬ್ಬ ಸಾವುಕಾರ ಬಂದು ಊರಿನ ಎಲ್ಲರ ಎದುರಿಗೆ ಕೆರೆ ಏರಿ ರಿಪೇರಿಗೆ ಹತ್ತು ಲಕ್ಷ ಕೊಟ್ಟರೆ ಊರು ಚಪ್ಪಾಳೆ ಹೊಡೆಯುತ್ತದೆ. ಹೊಡೆಯಲಿ. ಅದೇ ಸಾವುಕಾರ ರಾತ್ರಿ ಹೊತ್ತು ತೂಬಿನ ಕೀಲಿ ಹಿಡಿದವನ ಮನೆಗೆ ಹತ್ತು ಲಕ್ಷ ಕಳಿಸಿದರೆ? ಬೆಳಿಗ್ಗೆ ಎದ್ದು ನೋಡಿದಾಗ ನೀರು ಯಾರ ಹೊಲದ ಕಡೆ ಹರಿಯುತ್ತಿರುತ್ತದೆ ಅಂತ ಕೇಳಲು ಬೈಬಲ್ ಕಾಲೇಜು ಬೇಡ. ಕೆರೆಗೆ ಕೊಟ್ಟದ್ದು ದಾನ. ಕೀಲಿಗೆ ಕೊಟ್ಟದ್ದು ಬೆಲೆ. ವಿಮೋಚನಕಾಂಡ 23:8 ಇದನ್ನೇ ಹೇಳುತ್ತದೆ: ಕಣ್ಣು ಚೆನ್ನಾಗಿ ಕಾಣುವವನಿಗೂ ಇಂಥ ಕಾಣಿಕೆ ಪೊರೆ ಕಟ್ಟಿಸುತ್ತದೆ.

ಇಲ್ಲಿ ಒಬ್ಬ ಬುದ್ಧಿವಂತ ಎದ್ದು ಕೇಳಬಹುದು: "ಪಾಸ್ಟರ್, ಓಟು ಗುಪ್ತ ಅಲ್ವಾ? ಓಟು ಗುಪ್ತ ಇರಬಹುದು ಅಂದ್ರೆ ನೋಟು ಯಾಕೆ ಇರಬಾರದು?" ಒಳ್ಳೆಯ ಪ್ರಶ್ನೆ. ಸರ್ಕಾರವೂ ಇಂಥದ್ದೇ ವಾದ ಮಾಡಿತ್ತು. ಹೆಸರು ಹೊರಗೆ ಬಂದರೆ ಎದುರು ಪಕ್ಷದವರು ಸೇಡು ತೀರಿಸಿಕೊಳ್ಳುತ್ತಾರೆ, ಕೊಟ್ಟವರಿಗೆ ರಕ್ಷಣೆ ಬೇಕು ಅಂತ. ಈ ವಾದವನ್ನು ನಾವು ಹಗುರವಾಗಿ ತಳ್ಳಿಹಾಕಬಾರದು. ನಮ್ಮಂಥ ಸಣ್ಣ ಸಭೆಗಳಿಗೆ ಭಯ ಅಂದರೆ ಏನು ಅಂತ ಗೊತ್ತು. ಕಡಿಮೆ ಜನ ಇರುವವರು, ಯಾರ ಪರ ಅಂತ ಹೇಳಲು ಹಿಂಜರಿಯುವುದು ನಿಜ.

ಹಾಗಾದರೆ ಯೋಚಿಸಿ. ಗುಪ್ತ ಮತದಾನ ಯಾಕೆ ಬಂತು? ಜೀತದವನು ಗೌಡರಿಗೆ ಹೆದರದೆ ಓಟು ಹಾಕಲಿ ಅಂತ. ಹೆಂಡತಿ ಗಂಡನಿಗೆ ಹೆದರದೆ ಹಾಕಲಿ ಅಂತ. ಅಲ್ಲಿ ಗುಟ್ಟು ಬಲ ಇಲ್ಲದವನನ್ನು ಬಲ ಇದ್ದವನಿಂದ ಕಾಪಾಡುತ್ತದೆ. ಬಾಂಡ್‌ನಲ್ಲಿ ಗುಟ್ಟು ಬಲ ಇದ್ದವನನ್ನು ಬಲ ಇಲ್ಲದವನ ಕಣ್ಣಿನಿಂದ ಮುಚ್ಚಿತು. ಮಾರಾಟವಾದ ಬಾಂಡ್‌ಗಳ ಮೊತ್ತದಲ್ಲಿ ಹತ್ತರಲ್ಲಿ ಒಂಬತ್ತು ಭಾಗಕ್ಕಿಂತ ಹೆಚ್ಚು 1 ಕೋಟಿಯ ಬಾಂಡ್‌ಗಳದ್ದೇ. ಸಾವಿರ ರೂಪಾಯಿಯ ಬಾಂಡ್ ಹೆಸರಿಗೆ ಇತ್ತು ಅಷ್ಟೇ. ಸೇಡಿನಿಂದ ರಕ್ಷಣೆ ಅನ್ನುವುದೂ ಪೂರ್ತಿ ಇರಲಿಲ್ಲ. ಕ್ರಿಮಿನಲ್ ಕೇಸ್ ದಾಖಲಾದರೆ ತನಿಖಾ ಸಂಸ್ಥೆಗೆ ಬ್ಯಾಂಕು ಮಾಹಿತಿ ಕೊಡಬಹುದಿತ್ತು. ಬ್ಯಾಂಕೂ ಸರ್ಕಾರದ್ದು, ತನಿಖೆಯೂ ಸರ್ಕಾರದ್ದು. ಕೋರ್ಟ್ ಸಣ್ಣ ಚಂದಾ ಕೊಡುವವನ ರಾಜಕೀಯ ಒಲವಿನ ಖಾಸಗಿತನವನ್ನು ಅಲ್ಲಗಳೆಯಲಿಲ್ಲ. ನೀತಿಯನ್ನೇ ತಿರುಗಿಸುವಷ್ಟು ದೊಡ್ಡ ಮೊತ್ತಕ್ಕೆ ಆ ಮರೆ ಸಲ್ಲದು ಅಂದಿತು. ಇವತ್ತಿಗೂ ಪಕ್ಷಗಳು 20 ಸಾವಿರ ರೂಪಾಯಿ ದಾಟಿದ ಚಂದಾಗೆ ಮಾತ್ರ ಹೆಸರು ಕೊಡಬೇಕು. ನೂರು ರೂಪಾಯಿ ಕೊಟ್ಟ ಕೂಲಿಕಾರನ ಹೆಸರು ಯಾರಿಗೂ ಬೇಕಾಗಿಲ್ಲ. ಓಟು ಗುಟ್ಟಿನಲ್ಲಿರಲಿ, ದೊಡ್ಡ ನೋಟು ಬೆಳಕಿನಲ್ಲಿರಲಿ. ನಮ್ಮ ತಮ್ಮನ ಪ್ರಶ್ನೆಗೆ ಇದು ಮೊದಲ ಉತ್ತರ.

ಮೊದಲ ಉತ್ತರ ಅಂದೆ, ಪೂರ್ತಿ ಉತ್ತರ ಅನ್ನಲಿಲ್ಲ. ಬೆಳಕು ಇದ್ದರೆ ಎಲ್ಲ ಸರಿಹೋಗುತ್ತದಾ? ಅಮೆರಿಕ ನೋಡಿ. 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಅಭ್ಯರ್ಥಿಯಿಂದ ಸ್ವತಂತ್ರವಾಗಿ ಮಾಡುವ ಚುನಾವಣಾ ಖರ್ಚಿಗೆ ಕಂಪನಿಗಳ ಮೇಲೆ ಮಿತಿ ಹಾಕುವಂತಿಲ್ಲ ಅಂತ ತೀರ್ಪು ಕೊಟ್ಟಿತು. 2024ರ ಚುನಾವಣೆಯಲ್ಲಿ ಇಲಾನ್ ಮಸ್ಕ್ ಒಬ್ಬರೇ ಟ್ರಂಪ್ ಪರವಾಗಿ 25 ಕೋಟಿ ಡಾಲರ್‌ಗಿಂತ ಹೆಚ್ಚು ಸುರಿದರು. ಗುಟ್ಟಾಗಿಯಲ್ಲ, ಹೆಸರು ಸಮೇತ. ಮುಂದೆ 2025ರಲ್ಲಿ ಸರ್ಕಾರದ ಖರ್ಚು ಕಡಿತ ಮಾಡುವ ಕೆಲಸದಲ್ಲಿ ಅವರೇ ಮುಂದೆ ನಿಂತರು. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಒಬ್ಬರ ಮಾತು ಕೋಟಿ ಜನರ ಮಾತಿಗಿಂತ ದೊಡ್ಡದಾಗಿ ಕೇಳಿಸಿತು.

ನಮ್ಮಲ್ಲೂ ಹಾಗೇ. ವಿಧಾನಸಭೆಗೆ ನಿಲ್ಲುವ ಅಭ್ಯರ್ಥಿ 40 ಲಕ್ಷ ರೂಪಾಯಿ ತನಕ ಖರ್ಚು ಮಾಡಬಹುದು ಅಂತ ಕಾನೂನು. ಅವನ ಪಕ್ಷ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. 2023ರ ಕರ್ನಾಟಕ ಚುನಾವಣೆಯಲ್ಲಿ ಹಣ, ಹೆಂಡ, ಬಂಗಾರ, ಉಡುಗೊರೆ ಎಲ್ಲ ಸೇರಿ 375 ಕೋಟಿ ರೂಪಾಯಿಗೂ ಹೆಚ್ಚಿನ ಮಾಲು ಜಪ್ತಿ ಆಯಿತು. ಸಿಕ್ಕಿಬಿದ್ದದ್ದೇ ಇಷ್ಟು. ಗೆದ್ದವರ ಅಫಿಡವಿಟ್‌ಗಳನ್ನು ಎಡಿಆರ್ ಸಂಸ್ಥೆ ಲೆಕ್ಕ ಹಾಕಿದಾಗ 223 ಶಾಸಕರಲ್ಲಿ 217 ಮಂದಿ ಕೋಟ್ಯಧಿಪತಿಗಳು. 1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ರಾಜಕೀಯದಲ್ಲಿ ಎಲ್ಲರ ಓಟಿಗೂ ಒಂದೇ ಬೆಲೆ, ಬದುಕಿನಲ್ಲಿ ಮಾತ್ರ ಭಾರೀ ಅಸಮಾನತೆ, ಈ ವಿರೋಧವನ್ನು ಎಷ್ಟು ದಿನ ಎಳೆದುಕೊಂಡು ಹೋಗುತ್ತೀರಿ ಅಂತ ಅವರು ಕೇಳಿದ್ದರು. ಪೋಲಿಂಗ್ ಬೂತ್‌ನಲ್ಲಿ ವಿಧವೆ ತಾಯಿಯೂ ಸಾವುಕಾರನೂ ಒಂದೇ ಬಟನ್ ಒತ್ತುತ್ತಾರೆ. ಬೂತ್‌ನಿಂದ ಹೊರಗೆ ಬಂದ ಮೇಲೆ ಯಾರ ಫೋನ್ ಮೊದಲು ಎತ್ತುತ್ತಾರೆ?

ಆದ್ದರಿಂದ ಬೆಳಕು ಬೇಕು, ಬೆಳಕಿನ ಜೊತೆಗೆ ಇನ್ನೊಂದು ಬೇಕು. ಅದು ಆದಿಕಾಂಡ 14ರಲ್ಲಿದೆ. 17ರಿಂದ 24ನೇ ವಚನ ತೆಗೆಯಿರಿ.

ನಾಲ್ವರು ರಾಜರು ಸೊದೋಮನ್ನು ದೋಚಿ, ಲೋಟನನ್ನೂ ಸೆರೆ ಹಿಡಿದು ಹೋಗಿರುತ್ತಾರೆ. ಅಬ್ರಾಮ ತನ್ನ ಮನೆಯ 318 ಆಳುಗಳನ್ನು ಕಟ್ಟಿಕೊಂಡು ಬೆನ್ನುಹತ್ತಿ ಎಲ್ಲವನ್ನೂ ಬಿಡಿಸಿ ತರುತ್ತಾನೆ. ಬರುವ ದಾರಿಯಲ್ಲಿ ಇಬ್ಬರು ರಾಜರು ಎದುರಾಗುತ್ತಾರೆ. ಸಾಲೇಮಿನ ಮೆಲ್ಕಿಜೆದೇಕ ರೊಟ್ಟಿ, ದ್ರಾಕ್ಷಾರಸ ತಂದು ಆಶೀರ್ವದಿಸುತ್ತಾನೆ. ಅಬ್ರಾಮ ತಗೊಳ್ಳುತ್ತಾನೆ, ದಶಮಾಂಶವನ್ನೂ ಕೊಡುತ್ತಾನೆ. ಸೊದೋಮಿನ ರಾಜ ಬಂದು, ಜನರನ್ನು ನನಗೆ ಬಿಡು, ಆಸ್ತಿಯನ್ನೆಲ್ಲ ನೀನೇ ಇಟ್ಟುಕೋ ಅನ್ನುತ್ತಾನೆ. ಇದು ಲಂಚ ಅಲ್ಲ. ಯುದ್ಧ ಗೆದ್ದವನಿಗೆ ಆ ಕಾಲದ ಪದ್ಧತಿಯಲ್ಲಿ ಸಲ್ಲುವಂಥದ್ದೇ. ಎಲ್ಲರ ಎದುರಿಗೇ ಕೊಡುತ್ತಿದ್ದಾನೆ, ಗುಟ್ಟೂ ಇಲ್ಲ. ಆದರೂ ಅಬ್ರಾಮ ಒಂದು ದಾರದ ಎಳೆ, ಒಂದು ಕೆರದ ಬಾರು ಕೂಡ ಬೇಡ ಅನ್ನುತ್ತಾನೆ. ಕಾರಣವನ್ನೂ ಹೇಳುತ್ತಾನೆ: ಅಬ್ರಾಮನು ದೊಡ್ಡವನಾದದ್ದು ನನ್ನಿಂದ ಅನ್ನುವ ಮಾತು ನಾಳೆ ನಿನ್ನ ಬಾಯಿಂದ ಬರಬಾರದು.

ಎಷ್ಟು ದೂರ ನೋಡಿದ ನೋಡಿ. ಸೊದೋಮಿನ ರಾಜ ಜನರನ್ನು ಬಿಟ್ಟು ಬೇರೆ ಏನನ್ನೂ ಕೇಳಿರಲಿಲ್ಲ. ಷರತ್ತು ಹಾಕಿರಲಿಲ್ಲ. ಆದರೆ ದೊಡ್ಡ ಕೊಡುಗೆಗೆ ಷರತ್ತು ಬರೆದಿರಬೇಕಾಗಿಲ್ಲ. "ಇವನನ್ನು ಬೆಳೆಸಿದ್ದು ನಾನು" ಅನ್ನುವ ಒಂದೇ ಮಾತು ಸಾಕು, ತಗೊಂಡವನ ಬಾಯಿ ಕಟ್ಟುತ್ತದೆ. ಮುಂದೆ 18ನೇ ಅಧ್ಯಾಯದಲ್ಲಿ ಅಬ್ರಹಾಮನು ಅದೇ ಸೊದೋಮಿಗಾಗಿ ದೇವರ ಮುಂದೆ ನಿಂತು ವಾದಿಸುತ್ತಾನೆ. ಅಲ್ಲಿನ ನೀತಿವಂತರಿಗಾಗಿ ಬೇಡುತ್ತಾನೆ. ಸೊದೋಮಿನ ಆಸ್ತಿ ಅವನ ಗುಡಾರದಲ್ಲಿ ಇದ್ದಿದ್ದರೆ, ಅವನು ಬೇಡುತ್ತಿರುವುದು ಜನರಿಗಾಗಿಯೋ ತನ್ನ ದಾನಿಗಾಗಿಯೋ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

24ನೇ ವಚನವನ್ನೂ ಬಿಡಬೇಡಿ. ಹುಡುಗರು ಊಟಕ್ಕೆ ತಗೊಂಡದ್ದು ಹೋಯಿತು, ಅದನ್ನು ಲೆಕ್ಕ ಮಾಡುವುದಿಲ್ಲ. ನನ್ನ ಜೊತೆ ಬಂದ ಆನೇರ, ಎಷ್ಕೋಲ, ಮಮ್ರೆ ತಮ್ಮ ಪಾಲು ತಗೊಳ್ಳಲಿ ಅಂತಾನೆ. ಅಬ್ರಾಮ ರೊಕ್ಕವನ್ನೇ ಪಾಪ ಅನ್ನಲಿಲ್ಲ. ಕೆಲಸಕ್ಕೆ ಖರ್ಚು ಇರುತ್ತದೆ. ಪಕ್ಷ ನಡೆಸಲು ಕಚೇರಿ ಬೇಕು, ಊರೂರು ತಿರುಗಲು ಗಾಡಿ ಬೇಕು, ಕಾರ್ಯಕರ್ತರಿಗೆ ಊಟ ಬೇಕು. ಹತ್ತು ಸಾವಿರ ಜನ ನೂರು ನೂರು ರೂಪಾಯಿ ಕೊಟ್ಟರೆ ಯಾರೂ ಬಂದು "ನಾನು ಬೆಳೆಸಿದೆ" ಅನ್ನಲಾರರು. ಒಬ್ಬನೇ ಹತ್ತು ಲಕ್ಷ ಕೊಟ್ಟರೆ ಅನ್ನಬಲ್ಲ. ಮೊತ್ತ ಒಂದೇ, ಋಣ ಬೇರೆ. ಸಮುವೇಲ ಮುದುಕನಾದಾಗ ಜನರ ಎದುರಿಗೆ ನಿಂತು, ನಾನು ಯಾರ ಎತ್ತು ತಗೊಂಡೆ, ಯಾರ ಕೈಯಿಂದ ತಿಂದೆ, ಹೇಳಿರಿ ಅಂತ ಸವಾಲು ಹಾಕಿದ್ದು 1 ಸಮುವೇಲ 12ರಲ್ಲಿದೆ. ಅವನ ಮಕ್ಕಳು ಲಂಚ ತಿಂದದ್ದು 8ನೇ ಅಧ್ಯಾಯದಲ್ಲಿದೆ. ಅಪ್ಪ ಕೇಳಬಲ್ಲವನಾಗಿದ್ದ ಪ್ರಶ್ನೆಯನ್ನು ಮಕ್ಕಳು ಕೇಳಲಾರದವರಾದರು.

ಈಗ ನಮ್ಮ ಮನೆಗೆ ಬರೋಣ. ಕೋಟಿಗಟ್ಟಲೆ ಕೊಡುವವರ ಬಗ್ಗೆ ಮಾತಾಡುವುದು ಸುಲಭ. 2023ರ ಚುನಾವಣೆಗೆ ಹತ್ತು ಹನ್ನೆರಡು ದಿನ ಇದ್ದಾಗ ನಮ್ಮ ಪ್ರಾರ್ಥನಾ ಮನೆಗೂ ಇಬ್ಬರು ಬಂದರು. ಯಾರ ಕಡೆಯವರು ಅಂತ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. "ಪಾಸ್ಟರ್ ಸಾಹೇಬ್ರ, ಐವತ್ತು ಕುರ್ಚಿ, ಒಂದು ಸೌಂಡ್ ಸಿಸ್ಟಮ್ ಕೊಡ್ತೀವ್ರಿ. ಹೆಸರು ಬರಸೂದು ಬ್ಯಾಡ, ಫೋಟೋನೂ ಬ್ಯಾಡ. ಗುಪ್ತ ದಾನ ಅಂತ ತಿಳಕೋರಿ" ಅಂದರು. ಹಿಂದೆಯೇ ಕೇಳಿದರು: "ನಿಮ್ಮಲ್ಲಿ ಓಟು ಎಷ್ಟ ಅದಾವ್ರಿ?"

ಸಭೆಯ ಹಿರಿಯರ ಮುಖ ನೋಡಿದೆ. ಕೆಲವರಿಗೆ ಬೇಕಿತ್ತು. ತಪ್ಪೇನಿಲ್ಲ, ವಯಸ್ಸಾದವರು ನೆಲದ ಮೇಲೆ ಕೂತು ಏಳುವುದು ಕಷ್ಟ. ಆಗ ನಮ್ಮ ಸಭೆಯ ಒಬ್ಬ ಆಯಿ ಮಾತಾಡಿದರು. "ತಮ್ಮಾ, ಕುರ್ಚಿ ಬೇಕಾಗ್ಯಾವ ಖರೆ. ಆದ್ರ ಈಗ ಬ್ಯಾಡ. ಹದಿಮೂರನೇ ತಾರೀಖು ಎಣಿಕಿ ಐತೆಲ್ಲ, ಅದು ಮುಗದ ಮ್ಯಾಲೆ ತಂದು ಕೊಡ್ರಿ. ಗೆದ್ರೂ ಕೊಡ್ರಿ, ಸೋತ್ರೂ ಕೊಡ್ರಿ. ಕೈಮುಗದು ತಗೋತೀವಿ."

ಮೇ 13 ಬಂತು, ಹೋಯಿತು. ಕುರ್ಚಿ ಬರಲಿಲ್ಲ. ನಾವು ಈಗಲೂ ಜಮಖಾನಿ ಮೇಲೆ ಕೂಡುತ್ತೇವೆ.

ಆಯಿ ಹೇಳಿದ್ದರಲ್ಲಿ ಒಂದು ಒರೆಗಲ್ಲು ಇದೆ. ಯಾವುದೇ ಕೊಡುಗೆ ದಾನವೋ ಬೆಲೆಯೋ ಅಂತ ತಿಳಿಯದಿದ್ದರೆ ಅದರ ತಾರೀಖು ಬದಲಾಯಿಸಿ ನೋಡಿ. ಪ್ರತಿಫಲ ಸಿಗುವ ದಿನ ದಾಟಿದ ಮೇಲೂ ಬಂದರೆ ಅದು ದಾನ.

ಆದರೆ "ರೊಕ್ಕ ನಮ್ಮ ಜೇಬಿಗೆ ಹೋಗುವುದಿಲ್ಲ, ದೇವರ ಕೆಲಸಕ್ಕೆ ಹೋಗುತ್ತದೆ" ಅನ್ನುವ ಮಾತು ಬಹಳ ಜಾರಿಸುತ್ತದೆ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಹೊತ್ತಿಗೆ ಬಳ್ಳಾರಿ, ಕಲಬುರಗಿ ಕಡೆಯ ಕೆಲವು ಹಳ್ಳಿಗಳಲ್ಲಿ ಮೆಂಬರ್ ಸೀಟುಗಳನ್ನು ಲಕ್ಷಗಟ್ಟಲೆಗೆ ಹರಾಜು ಹಾಕಿದ ಸುದ್ದಿ ಬಂದದ್ದು ನೆನಪಿದೆಯಾ? ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಹರಾಜಿನ ರೊಕ್ಕ ಗುಡಿಗೆ, ಊರ ಕೆಲಸಕ್ಕೆ ಅನ್ನುವ ಸಮಾಧಾನ ಇತ್ತು. ಹರಾಜು ಬಯಲಿನಲ್ಲೇ ನಡೆಯಿತು, ಉದ್ದೇಶವೂ ಒಳ್ಳೆಯದು ಅಂದುಕೊಂಡರು. ಆದರೂ ಸೀಟು ಕೊಳ್ಳಲಾರದ ಬಡವನ ಪಾಲಿಗೆ ಚುನಾವಣೆಯೇ ನಡೆಯಲಿಲ್ಲ. ಮಾಂತ್ರಿಕ ಸೀಮೋನ ಪೇತ್ರನ ಮುಂದೆ ರೊಕ್ಕ ಇಟ್ಟದ್ದು ಅಪೊಸ್ತಲರ ಕೃತ್ಯಗಳು 8ರಲ್ಲಿದೆ. ಪೇತ್ರ ಆ ರೊಕ್ಕವನ್ನು ಬಡವರಿಗೆ ಹಂಚಬಹುದಿತ್ತು. ಹಂಚಲಿಲ್ಲ. ಮಾರಬಾರದ್ದಕ್ಕೆ ಬೆಲೆ ಕಟ್ಟಿದ ರೊಕ್ಕ ಯಾವ ಒಳ್ಳೆಯ ಕೆಲಸಕ್ಕೆ ಹಾಕಿದರೂ ಶುದ್ಧ ಆಗುವುದಿಲ್ಲ.

ಯೌವನಸ್ಥರೇ, ನಾವು ಮಾಡಬೇಕಾದ್ದು ಏನು? ಪ್ರಾಯೋಗಿಕವಾಗಿ ಹೇಳುತ್ತೇನೆ.

"ರೊಕ್ಕ ತಗೊಂಡು ನಮ್ಮ ಮನಸ್ಸಿಗೆ ಬಂದವರಿಗೆ ಓಟು ಹಾಕ್ತೀವಿ" ಅನ್ನುವ ಜಾಣತನ ಬಿಡಿ. ಮಾತು ಕೊಟ್ಟು ತಪ್ಪುವುದು ಸುಳ್ಳು, ಮಾತು ಉಳಿಸಿಕೊಂಡರೆ ಓಟು ಮಾರಿದಂತೆ. ಎರಡರಲ್ಲೂ ಏಸಾವನ ಬಟ್ಟಲೇ ನಿಮ್ಮ ಕೈಯಲ್ಲಿ. ಕಾನೂನಿನಲ್ಲೂ ಕೊಟ್ಟವರಷ್ಟೇ ಅಲ್ಲ, ತಗೊಂಡವರೂ ಅಪರಾಧಿಗಳು.

ನಿಮ್ಮಲ್ಲಿ ಕೆಲವರು ಡಿಸೈನ್, ವಿಡಿಯೊ ಎಡಿಟಿಂಗ್ ಗೊತ್ತಿದ್ದವರು. ಚುನಾವಣೆಯಲ್ಲಿ ರೀಲ್ಸ್ ಮಾಡುವ ಕೆಲಸ ಬರುತ್ತದೆ. ದುಡಿಮೆಗೆ ಕೂಲಿ ತಗೊಳ್ಳುವುದು ತಪ್ಪಲ್ಲ, ಅಬ್ರಾಮನ ಹುಡುಗರೂ ಊಟ ಮಾಡಿದರು. ಆದರೆ ಬಿಲ್ ಕೊಟ್ಟು ತಗೊಳ್ಳಿ. "ಬಿಲ್ ಬ್ಯಾಡ, ಕ್ಯಾಶ್ ತಗೋ" ಅಂದರೆ ಆ ರೊಕ್ಕ 40 ಲಕ್ಷದ ಲೆಕ್ಕದಿಂದ ಹೊರಗೆ ಹೋಗುತ್ತಿದೆ ಅಂತ ಅರ್ಥ. ಆ ಸುಳ್ಳಿಗೆ ನಿಮ್ಮ ಕೈ ಬೇಡ.

ಅಭ್ಯರ್ಥಿಗಳ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಆಸ್ತಿ, ಸಾಲ, ಕೇಸುಗಳು ಎಲ್ಲ ಇರುತ್ತವೆ. ಮೊಬೈಲ್ ಕೊಳ್ಳುವ ಮೊದಲು ಹತ್ತು ರಿವ್ಯೂ ಓದುವವರು ಇದನ್ನೂ ಒಮ್ಮೆ ಓದಿರಿ. ರೊಕ್ಕ ಹಂಚುವುದು ಕಂಡರೆ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಹಾಕಿ ದೂರು ಕೊಡಬಹುದು.

ಕೊನೆಯದು ಸಭೆಗೆ. ಪ್ರಭುಗಳಿಗೆ ಒಂದು ಅಳತೆ, ನಮಗೆ ಒಂದು ಅಳತೆ ಇರಬಾರದು. ಕಾಣಿಕೆ ಡಬ್ಬಿಯಲ್ಲಿ ಯಾರು ಎಷ್ಟು ಹಾಕಿದರು ಅಂತ ನಾವು ನೋಡುವುದಿಲ್ಲ, ಅದು ಮತ್ತಾಯ 6. ಆದರೆ ಸಭೆಗೆ ದೊಡ್ಡ ಮೊತ್ತ ಯಾರೇ ಕೊಟ್ಟರೂ ಅದು ಕಮಿಟಿಯ ಮುಂದೆ ಬರುತ್ತದೆ, ವರ್ಷದ ಲೆಕ್ಕ ಎಲ್ಲ ವಿಶ್ವಾಸಿಗಳ ಎದುರಿಗೆ ಓದಲಾಗುತ್ತದೆ, ಅದು 2 ಕೊರಿಂಥ 8. ಚುನಾವಣೆ ಘೋಷಣೆಯಿಂದ ಫಲಿತಾಂಶದ ತನಕ ಯಾವ ಅಭ್ಯರ್ಥಿಯಿಂದಲೂ ಒಂದು ದಾರದ ಎಳೆಯನ್ನೂ ನಾವು ತಗೊಳ್ಳುವುದಿಲ್ಲ, ಅದು ಆದಿಕಾಂಡ 14. ಪಾಸ್ಟರ್ ಮನೆಗೆ ಬಂದ ಕೊಡುಗೆಗೂ ಇದೇ ನಿಯಮ. ನನ್ನನ್ನು ಕೇಳಿರಿ. ಕೇಳುವುದು ಅಗೌರವ ಅಲ್ಲ. ಸಮುವೇಲ ತಾನೇ ಕೇಳಿ ಅಂದ.

ನಾವು ಸಣ್ಣ ಸಭೆ. ನಮ್ಮ ನೂರು ಓಟು ಯಾವ ಲೆಕ್ಕಕ್ಕೆ ಅನಿಸಬಹುದು. ಆದರೆ ಯಾರ ಋಣವೂ ಇಲ್ಲದ ನೂರು ಜನ ಒಂದು ಊರಿನಲ್ಲಿ ಇದ್ದರೆ, ಊರಿಗೆ ತೊಂದರೆ ಬಂದ ದಿನ ಅವರು ಬಾಯಿ ತೆಗೆದು ಮಾತಾಡಬಲ್ಲರು. ಅಂಥ ಬಾಯಿ ದೇವರಿಗೆ ಬೇಕು.

ಎದ್ದು ನಿಂತು ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಿನ್ನ ಮಗನಾದ ಯೇಸುವಿನ ನಾಮದಲ್ಲಿ ಬರುತ್ತೇವೆ. ನಮ್ಮನ್ನು ಆಳುವವರಿಗೆ, ಯಾವ ಪಕ್ಷದವರೇ ಆಗಿರಲಿ, ಬೇಡ ಅನ್ನುವ ಧೈರ್ಯ ಕೊಡು. ಕೊಡುವ ಶಕ್ತಿ ಇದ್ದವರಿಗೆ ಕೆರೆ ಕಟ್ಟುವ ಮನಸ್ಸು ಕೊಡು, ಕೀಲಿ ಕೊಳ್ಳುವ ಆಸೆಯಿಂದ ಬಿಡಿಸು. ಈ ಮಕ್ಕಳ ಕೈಗಳನ್ನು ಶುದ್ಧವಾಗಿಡು. ಅವರ ಓಟು, ಅವರ ದುಡಿಮೆ, ಅವರ ಮಾತು ನಿನ್ನ ಬೆಳಕಿನಲ್ಲಿರಲಿ. ನಮ್ಮ ಸಭೆಯ ಲೆಕ್ಕದ ಪುಸ್ತಕವನ್ನು ನೀನೂ ನೋಡು, ಜನರೂ ನೋಡಲಿ. ಯೇಸುವಿನ ಪರಿಶುದ್ಧ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.